ಗೋರಟೆಯ ಪಾಳಿ

ಹಾರವಾಡ ದಾಟಿ ಅಂಕೋಲೆಯ ಕಡೆಗೆ ಹಳಿ ಹೊರಳುವಲ್ಲಿ
ಗುಡ್ಡ ಸೀಳಿದ ಗಾಯಕ್ಕೆ ಸಿಮೆಂಟು ಬಳಿದಿದ್ದಾರೆ.
ನಡುನಡುವೆ ನೀರಿಳಿಯಲು ತೂತು.
ಆ ತೂತುಗಳಲ್ಲಿ ಹುಟ್ಟಿದ್ದನ್ನೆಲ್ಲ ಕೀಳುವುದು
ಮಳೆಗೆ ಮೊದಲು ನಮ್ಮ ಗ್ಯಾಂಗಿನ ಕೆಲಸ.

ಕಿತ್ತೆ. ಹುಲ್ಲು, ಅತ್ತಿಯ ಸಸಿ, ಲಂಟಾನ.
ಗೋರಟೆ ಮಾತ್ರ ಕೈಗವಸು ಹಾಯ್ದು ಮುಳ್ಳೂರಿ
ನನ್ನನ್ನೇ ಹಿಡಿದುಕೊಂಡಿತು.
ಮೇ ತಿಂಗಳು. ಹಳಿ ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು.
ಬೇರಿನ ತುದಿಗೆ ಒಂದು ಚಿಟಿಕೆ ಕೆಂಪು ಪುಡಿ, ಅಷ್ಟೇ.
ಇಷ್ಟು ದಿನ ಇದು ಏನು ಉಂಡು ಬದುಕಿತ್ತು?

ಬೊಮ್ಮು ಆಗೇರ, ನನಗೆ ಸುತ್ತಿಗೆ ಹಿಡಿಯಲು ಕಲಿಸಿದವರು,
ಆ ತಿಂಗಳ ಕೊನೆಗೆ ನಿವೃತ್ತಿ,
ಒಂದೆಲೆ ಜಗಿದು ಹುಳುಕು ಹಲ್ಲಿನ ಮೂಲೆಗೆ ಒತ್ತಿ
ಅರ್ಧ ಬಾಯಲ್ಲಿ ಹೇಳಿದರು:
"ಮನೀಗೆ ತಕಂಡು ಹೋಗು.
ನೀರು ಹೊಯ್ಯೂಕೆ ಮಾತ್ರ ಹೋಗ್ಬೇಡಾ."

ಹೊಯ್ದೆ.
ಬೆಳಿಗ್ಗೆ ಅಕ್ಕಿ ತೊಳೆದದ್ದು, ಸಂಜೆ ನಳದ್ದು,
ಮಲಗುವ ಮೊದಲು ಮನಸ್ಸು ತಡೆಯದೆ ಇನ್ನೊಂದು ಚೊಂಬು.
ಹಸಿವಿಲ್ಲ ಎಂದವರಿಗೂ ಬಡಿಸುವ ಚಟ
ನಮ್ಮ ಮನೆತನದ್ದು.
ಒಂಬತ್ತನೇ ದಿನ ಬುಡ ಕಪ್ಪಾಗಿ ಮೆತ್ತಗಾಯಿತು.
ಎತ್ತಿದರೆ ಬೇರು ಮಣ್ಣಲ್ಲೇ ಉಳಿಯಿತು.

ಕೆಂಪು ಬಾವುಟದ ಸುರುಳಿಯೊಳಗೆ
ಎಂದೋ ಸಿಕ್ಕಿಕೊಂಡಿದ್ದ ಗೇಣುದ್ದದ ಒಂದು ಗೆಣ್ಣು.
ಕ್ವಾರ್ಟರ್ಸಿನ ಹಿಂದೆ, ಯಾರೂ ಲೆಕ್ಕಕ್ಕಿಡದ ಜಲ್ಲಿಯ ಗುಪ್ಪೆಯಲ್ಲಿ
ಚುಚ್ಚಿದೆ. ನೆಟ್ಟೆ ಎಂದರೆ ಸುಳ್ಳಾದೀತು.

ಆಮೇಲೆ ಮಳೆ ಹಿಡಿಯಿತು.
ರಾತ್ರಿಯೆಲ್ಲ ನನಗೆ ಗಸ್ತು.
ತಲೆಗೆ ದೀಪ, ಎದೆಗೆ ಸೀಟಿ, ಸಂಗಡ ಒಬ್ಬ ಹುಡುಗ,
ಗುಡ್ಡ ಉಸಿರೆಳೆದರೂ ಕೇಳಬೇಕೆನ್ನುವ ಕಿವಿ.
ಒಂದು ಕಲ್ಲು ಉರುಳಿದರೆ ಮಂಗಳೂರಿನ ಗಾಡಿ ನಿಲ್ಲಿಸಬೇಕು.
ನಾಲ್ಕು ತಿಂಗಳು ಹಿತ್ತಲಿಗೆ ಕಾಲಿಡಲಿಲ್ಲ.
ಅದಕ್ಕೆ ಬೇಕಿದ್ದ ಆರೈಕೆ ಅದೇ ಇದ್ದೀತು.

ಕಾರ್ತಿಕದ ಒಂದು ಬೆಳಗು, ಒಗೆದ ಸಮವಸ್ತ್ರ ಹರವುವಾಗ,
ಜಲ್ಲಿಯ ಮೇಲೆ ಏಳು ಹೂ.
ಹಳದಿ ಎನ್ನಲಾರೆ, ಕೇಸರಿ ಎನ್ನಲಾರೆ.
ಕೆಂಪೂ ಅಲ್ಲದ, ಹಸಿರೂ ಅಲ್ಲದ,
ನಿಧಾನ ಬಾ ಎನ್ನುವ ಸಿಗ್ನಲಿನ ಬಣ್ಣ.
ಬಂದೆ. ನಿಧಾನವಾಗಿಯೇ.
ತೊಟ್ಟು ಹಿಡಿದರೆ ತೂಕವೇ ಇಲ್ಲ,
ಸಂಜೆಯ ಪಾಳಿಗೆ ಹೊರಡುವಷ್ಟರಲ್ಲಿ
ಅವುಗಳ ಪಾಳಿ ಮುಗಿದು ಕೆಳಗೆ ಬಿದ್ದಿದ್ದವು.

ಬೊಮ್ಮು ಫೋನಿನಲ್ಲಿ ಕೂಗಿ ಹೇಳಿದ್ದು:
ಹೂ ಮುಗಿದ ಮೇಲೆ ಮೊಣಕಾಲೆತ್ತರ ಬಿಟ್ಟು ಕತ್ತರಿಸು.
ಕನಿಕರ ಮಾಡಿದರೆ ಬರೀ ಕಡ್ಡಿ ಬೆಳೆಯುತ್ತದೆ.
ಗೊಬ್ಬರ ಬೇಡ. ಆಡಿಗೆ ಹೆದರಬೇಡ, ಮುಳ್ಳಿದೆ.
ಹಲ್ಲು ಈಗ ಹೇಗಿದೆ ಎಂದು ಕೇಳಿದೆ.
ಉದುರಿತು ಎಂದರು, ನಕ್ಕರು, ಗಾಳಿ ಸೇರಿದ ನಗು.

ಕತ್ತರಿಸಿದ ಕಡ್ಡಿ ಕೇಳಿಕೊಂಡು ಬಂದಳು
ಪಕ್ಕದ ಮನೆಯ ಜುಲೇಖಾ.
ಅವಳಿಗೂ ಹೇಳಿದೆ, ನೀರು ಹೊಯ್ಯೂಕೆ ಹೋಗ್ಬೇಡಾ.
ಹೂಂ ಅಂದಳು. ಹೊಯ್ಯುತ್ತಾಳೆ, ಗೊತ್ತು.
ಅದಕ್ಕೇ ಎರಡು ಕೊಟ್ಟೆ.

ಈಗ ಮತ್ತೆ ಮೇ.
ಹಿತ್ತಲಲ್ಲಿ ಮಧ್ಯಾಹ್ನದ ಉರಿಗೆ
ಉಳಿದ ಒಂದೆರಡು ಕಾಯಿ ಚಟ್ ಎಂದು ಸಿಡಿಯುತ್ತವೆ.
ತಿರುವಿನಾಚೆ ಸಮುದ್ರ ತಗಡಿನಂತೆ ಮಿನುಗುತ್ತದೆ.
ಕೆಳಸಾಲಿನ ಏಳನೇ ತೂತಿನಲ್ಲಿ,
ಕಳೆದ ವರ್ಷ ನಾನೇ ಬರಿದು ಮಾಡಿದ್ದರಲ್ಲಿ,
ಎರಡೆಲೆ, ಅವುಗಳ ಸಂದಿಗೆ ಇನ್ನೂ ಗಟ್ಟಿಯಾಗದ ಮುಳ್ಳು.

ನೀರಿನ ದಾರಿ ಅದು. ಕೀಳಬೇಕು. ಕೀಳುತ್ತೇನೆ.
ಆ ಹುಡುಗ ಚೀಲದ ಬಾಯಿ ಬಿಚ್ಚಿ ಕಾಯುತ್ತಿದ್ದಾನೆ.
ಕೈಗವಸು ಕಳಚಿದೆ.