ಕದ್ದ ಕಮಾನು

ಪಿಯಾನೋ ನನ್ನದು. ಪಿಟೀಲು ಅವಳದು.
ಇಪ್ಪತ್ತೊಂಬತ್ತು ವರ್ಷ ಒಂದೇ ಕೋಣೆ,
ತ್ಬಿಲಿಸಿಯ ಸಂಗೀತಶಾಲೆಯ ಮೂರನೇ ಮಹಡಿ,
ಮುಚ್ಚಿದರೆ ತೆರೆಯದ, ತೆರೆದರೆ ಮುಚ್ಚದ ಒಂದು ಕಿಟಕಿ.
ಅವಳ ಮಕ್ಕಳು ಬರುತ್ತಾರೆ, ನಿಂತು ನುಡಿಸುತ್ತಾರೆ,
ದೊಡ್ಡವರಾಗಿ ಹೋಗುತ್ತಾರೆ.
ಇಡೀ ವಾದ್ಯವೃಂದದ ಪಾಲನ್ನು
ನನ್ನ ಹತ್ತು ಬೆರಳು ಹೊರುತ್ತವೆ.
ಭಿತ್ತಿಪತ್ರದ ಬುಡದಲ್ಲಿ ನನ್ನ ಹೆಸರು ಸಣ್ಣಕ್ಷರದಲ್ಲಿ,
ಕೆಲವೊಮ್ಮೆ ಅದೂ ಇಲ್ಲ.

ಲಮಾರಾ ನುಡಿಸುತ್ತಾಳೆಂದರೆ ಆಗ
ಊರಿಗೆ ಊರೇ ಟಿಕೆಟ್ಟಿಗೆ ನಿಲ್ಲುತ್ತಿತ್ತು.
ಲೈಪ್‌ಜಿಗ್, ಪ್ರಾಗ್, ಬುಡಾಪೆಸ್ಟ್,
ಹೋದ ಕಡೆಯಿಂದೆಲ್ಲ ನನಗೊಂದು ಸಾಬೂನು ತರುವಳು.
ಬಳಸಲಿಲ್ಲ. ಬಟ್ಟೆಗಳ ನಡುವೆ ಇಟ್ಟೆ.
ಈಗಲೂ ಕಪಾಟು ತೆರೆದರೆ ಯುರೋಪು ಘಮ್ಮೆನ್ನುತ್ತದೆ.

ಆಮೇಲೆ ದೇಶ ಒಡೆಯಿತು. ಕರೆಂಟು ಹೋಯಿತು.
ಆ ಚಳಿಗಾಲಗಳಲ್ಲಿ ಸೀಮೆಎಣ್ಣೆ ಸ್ಟೌವಿನ ಸುತ್ತ
ಕೋಟು ತೊಟ್ಟೇ ಪಾಠ, ತುದಿ ಕತ್ತರಿಸಿದ ಕೈಗವಸು.
ಬಾಚೋ ಎಂಬ ಹುಡುಗ ಸಂಬಳದ ಬದಲು ತಂದ
ಎರಡು ಸೌದೆ ತುಂಡುಗಳನ್ನು
ಅವಳು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು ನೋಡಿದಳು:
‘ಮೇಪಲ್. ಪಿಟೀಲಿನ ಬೆನ್ನಾಗಬಹುದಿತ್ತು ಇದು.’
ಆಮೇಲೆ ಒಲೆಗೆ ಹಾಕಿದಳು. ಚಳಿ ಇತ್ತು.
ಬಾಚೋ ಈಗ ಬರ್ಗೆನ್ನಿನಲ್ಲಿ.
ಹೊಸವರ್ಷಕ್ಕೆ ಒಣಮೀನು ಕಳಿಸುತ್ತಾನೆ.

ತೆಕ್ಲಾ ಬಂದದ್ದು ಹನ್ನೊಂದನೇ ವಯಸ್ಸಿಗೆ, ಜೆಸ್ತಾಫೋನಿಯಿಂದ,
ಅಪ್ಪನ ಮಿನಿಬಸ್ಸಿನ ಮುಂದಿನ ಸೀಟಿನಲ್ಲಿ,
ಪಿಟೀಲಿನ ಪೆಟ್ಟಿಗೆಗೂ ಬೆಲ್ಟು ಬಿಗಿದು.
ಕೇಳಿದ್ದನ್ನು ಕೇಳಿದಂತೆ ನುಡಿಸುವ ಮಕ್ಕಳು ಬೇಕಾದಷ್ಟು.
ಇವಳು ಕೇಳದ್ದನ್ನೂ ನುಡಿಸಿದಳು.
ನಿಧಾನದ ಭಾಗದಲ್ಲಿ, ಸ್ವರ ಮೇಲೇರಿ ನಿಲ್ಲುವಲ್ಲಿ,
ಎಲ್ಲರೂ ಕಮಾನನ್ನು ಎತ್ತಿ ಮತ್ತೆ ಕೆಳಗೆಳೆಯುವಲ್ಲಿ,
ಇವಳು ಎತ್ತಲೇ ಇಲ್ಲ; ತುದಿಯಿಂದ ಮೇಲಕ್ಕೆ ತಳ್ಳಿದಳು,
ಮಲಗಿದವರನ್ನು ಎಬ್ಬಿಸದೆ ಬಾಗಿಲು ದೂಡುವ ಹಾಗೆ.

‘ತಪ್ಪು’ ಎಂದಳು ಲಮಾರಾ.
ಪೆನ್ಸಿಲ್ಲಿನಿಂದ ಗುರುತು ಹಾಕಿದಳು, ಹಾಳೆ ಹರಿಯುವಷ್ಟು ಒತ್ತಿ.
‘ನನ್ನ ಗುರು ನನಗೆ ಹೇಳಿದ್ದು, ಅವರ ಗುರು ಅವರಿಗೆ. ಕೆಳಗೆ.’
ಹುಡುಗಿ ಕೆಳಗೆಳೆದಳು. ಅಳಲಿಲ್ಲ.
ಬುತ್ತಿಯ ರೊಟ್ಟಿ ತಿಂದು ಬಸ್ಸು ಹತ್ತಿದಳು.
ನನಗೇನನ್ನಿಸಿತೆಂದು ಯಾರೂ ಕೇಳಲಿಲ್ಲ.
ಪಿಯಾನೋ ಮುಚ್ಚಿದೆ.

ನವೆಂಬರಿನಲ್ಲಿ ಲಮಾರಾಳ ಕಛೇರಿ. ಅರವತ್ತೆರಡು ಅವಳಿಗೆ,
‘ಇದೇ ಕೊನೆ’ ಎನ್ನತೊಡಗಿ ಆರು ವರ್ಷ.
ನನ್ನದು ಹದಿನಾಲ್ಕನೇ ಸಾಲು, ಕಂಬದ ಹಿಂದೆ,
ಪುಕ್ಕಟೆ ಟಿಕೆಟ್ಟಿನ ಜಾಗ.
ಕಾಣುವುದು ಅವಳ ಬಲಗೈ ಮಾತ್ರ.
ಮೊದಲ ಭಾಗದಲ್ಲಿ ಒಂದು ಸ್ವರ ಜಾರಿತು, ಎತ್ತಿಕೊಂಡಳು.
ಎರಡನೆಯದರಲ್ಲಿ ಆ ಜಾಗ ಬಂತು.
ಸ್ವರ ಏರಿತು. ವೃಂದ ತಗ್ಗಿತು.
ಕಮಾನು ತುದಿಯ ತನಕ ಸರಿದು
ಒಂದು ಗಳಿಗೆ ನಿಂತು

ಮೇಲಕ್ಕೆ ಹೋಯಿತು.

ಕತ್ತು ಹೊರಳಿಸಿ ನೋಡಿದೆ. ಬಾಲ್ಕನಿಯಲ್ಲಿ
ಕಂಬಿಯ ಮೇಲೆ ಗದ್ದ ಊರಿ ಕೂತಿದ್ದ ಹುಡುಗಿ
ಎದ್ದು ನಿಂತಿದ್ದಳು. ಹಿಂದಿನವರು
ಕೂತ್ಕೋ, ಕೂತ್ಕೋ ಎಂದು ಅವಳ ಲಂಗ ಜಗ್ಗುತ್ತಿದ್ದರು.

ಗುರುವಿನ ಋಣ ತೀರದು ಎನ್ನುತ್ತಾರೆ.
ಶಿಷ್ಯೆಯ ಸಾಲ ಯಾವ ಖಾತೆಗೆ ಬರೆಯುತ್ತಾರೋ!

ಸೋಮವಾರ ಎಂದಿನಂತೆ ಬಂದಳು, ಕಿಟಕಿಯೊಡನೆ ಗುದ್ದಾಡಿದಳು.
ತೆಕ್ಲಾಳ ಹಾಳೆ ತೆಗೆದು ರಬ್ಬರಿನಿಂದ ಉಜ್ಜಿದಳು, ಉಜ್ಜಿದಳು.
ಕಪ್ಪು ಹೋಯಿತು. ಒತ್ತಿದ ತಗ್ಗು ಹಾಗೇ ಉಳಿಯಿತು.
‘ನುಡಿಸು.’
‘ಕೆಳಗೋ, ಮೇಲೋ?’
ಲಮಾರಾ ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದಳು,
ನನ್ನ ಬಿಳಿ ಮನೆಗಳ ಮೇಲೆಲ್ಲ ಬಿತ್ತು.
ಒರೆಸಿಕೊಳ್ಳಲು ಹೊತ್ತಿರಲಿಲ್ಲ.
ಅವಳಿಗಿಂತ ಮೊದಲು ನಾನು ಬರಬೇಕು ಅಲ್ಲಿ.
ಶುರುಮಾಡಿದೆ.