ಎರಡು ಚಿಟಿಕೆ

ಮಾತು ಬಿಟ್ಟು ಒಂಬತ್ತನೇ ದಿನ.
ಮನೆಯೊಳಗೆ ಮಾತಾಡುತ್ತಿದ್ದದ್ದು
ಗುಳುಗುಳು ಅನ್ನುವ ಗಾಳಿ ಮೋಟರು ಒಂದೇ.

ಸಾಲಗಾಮೆ ರಸ್ತೆಯಲ್ಲಿ ಬಾಗಿಲೆಳೆದ ಸ್ಟುಡಿಯೊದಿಂದ
ಮುನ್ನೂರೈವತ್ತಕ್ಕೆ ತಂದ ಗಾಜಿನ ಪೆಟ್ಟಿಗೆ.
ಹಿಂಬದಿಗೆ ಇನ್ನೂ ಅಂಟಿಕೊಂಡಿದೆ
ಮದುವೆ ಜೋಡಿಗಳ ಬೆನ್ನಿಗೆ ನಿಂತಿದ್ದ ಆ ಹಿಮದ ಬೆಟ್ಟ.
ಒಳಗೆ, ಹೇಮಾವತಿ ಚಾನಲ್ಲಿನಲ್ಲಿ ತಮ್ಮ ಪುಟ್ಟರಂಗ
ಸೊಳ್ಳೆಪರದೆಯಲ್ಲಿ ಗೋರಿ ತಂದ ಸಸಲುಗಳು, ಹನ್ನೊಂದು.
ಗೊರೂರಿನ ಕಡೆ ಇವನ್ನು ಹುರಿದು ತಿನ್ನುತ್ತಾರೆ,
ನಾವು ಉಣ್ಣಿಸಿ ನೋಡುತ್ತೇವೆ.

ಸಸಲು ಸಾಕುವುದು ಸಸಾರವಲ್ಲ.
ನಲ್ಲಿ ನೀರನ್ನು ಹಾಗೇ ಸುರಿಯುವಂತಿಲ್ಲ;
ಒಂದು ಹಗಲು ಒಂದು ರಾತ್ರಿ ಬಕೆಟ್ಟಿನಲ್ಲಿ
ಬಾಯಿ ತೆರೆದು ಕೂತು ಬ್ಲೀಚಿಂಗಿನ ಸಿಟ್ಟು ಇಳಿಯಬೇಕು.
(ನನ್ನದು ಇಳಿಯಲಿಲ್ಲ.)
ಪೂರಾ ಚೆಲ್ಲಬಾರದು, ಕಾಲುಭಾಗ ತೆಗೆದು ಕಾಲುಭಾಗ ತುಂಬಬೇಕು,
ಹಳೇ ನೀರಿನ ನೆನಪಿಲ್ಲದೆ ಅವು ಬದುಕವು.
ಭಾನುವಾರಕ್ಕೆ ಬೆಂದ ಮೊಟ್ಟೆಯ ಹಳದಿ, ಬಟ್ಟೆಯಲ್ಲಿ ಹಿಂಡಿದ್ದು.
ಉಳಿದ ದಿನ ಒಂದು ಚಿಟಿಕೆ ಪುಡಿ, ಒಂದೇ ಹೊತ್ತು.
ಹೊಟ್ಟೆ ಅವಕ್ಕೆ ಕಣ್ಣಿನಷ್ಟೇ ಗಾತ್ರ ಅಂತ
ಪುಡಿ ಮಾರುವ ಖಲಂದರ್ ಸಾಬರು ಹೇಳಿಕಳಿಸಿದ್ದರು.

ಜಗಳ ಏನು ದೊಡ್ಡದಲ್ಲ.
ದೊಡ್ಡದೇ.
ನನ್ನ ಚೀಟಿ ಎತ್ತಿದ ಇಪ್ಪತ್ತೆರಡು ಸಾವಿರ,
ಓವರ್‌ಲಾಕ್ ಮಿಷನ್ನಿಗೆ ಅಂತ ಇಟ್ಟದ್ದನ್ನು,
ಕೇಳದೆ ಹೇಳದೆ ಇವರು ಕ್ಯಾಂಟೀನಿನ ಫ್ರಿಜ್ಜಿಗೆ ಕೊಟ್ಟರು.
ಅವತ್ತಿನಿಂದ ನಾನು ತಟ್ಟೆ ಕುಕ್ಕಿ ಇಟ್ಟೆ,
ಅವರು ಉಂಡು, ತೊಳೆದು, ಕವುಚಿಟ್ಟರು.

ನಾಲ್ಕೂವರೆಗೆ ಎದ್ದು ಬಸ್‌ಸ್ಟ್ಯಾಂಡಿಗೆ ಹೊರಡುವ ಮುನ್ನ
ಇವರೊಂದು ಚಿಟಿಕೆ ಹಾಕುತ್ತಾರೆ ಅಂತ ನನಗೇನು ಗೊತ್ತು?
ಏಳಕ್ಕೆ ನಾನು ಹಾಕುತ್ತೇನೆ ಅಂತ ಅವರಿಗೇನು ಗೊತ್ತು?
ಮೀನು ಹೇಳುತ್ತವೆಯೇ?
ಉಂಡವೇ ಮತ್ತೆ ಓಡಿಬಂದು, ಗಾಜಿಗೆ ಮೂತಿ ಒತ್ತಿ,
ಮೂರು ದಿನದ ಉಪವಾಸಿಗಳ ಹಾಗೆ ನಟಿಸುತ್ತವೆ.

ನೀರು ಮೊದಲು ಅಕ್ಕಿ ತೊಳೆದ ಕಲಗಚ್ಚಾಯಿತು,
ಆಮೇಲೆ ಗಂಜಿ.
ಹಿಮದ ಬೆಟ್ಟ ಕಾಣದಾಯಿತು.
ಪುಡಿಯೇ ಸರಿಯಿಲ್ಲ ಅಂತ ಸಾಬರನ್ನು ಬೈದೆ, ಮನಸ್ಸಿನಲ್ಲಿ.
ಆಗ ಬೈಯುತ್ತಿದ್ದದ್ದೆಲ್ಲ ಮನಸ್ಸಿನಲ್ಲೇ.

ಅವತ್ತು ರಾತ್ರಿ ಕರೆಂಟು ಹೋಯಿತು.
ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ.
ಮೊಬೈಲಿನ ಬೆಳಕು ಬಿಟ್ಟು ನೋಡಿದರೆ
ಹತ್ತು ಮೀನು ಮೇಲೆ ಬಂದು, ನೀರಿನ ಚರ್ಮಕ್ಕೆ ಬಾಯಿ ಹಚ್ಚಿ
ಗುಟುಕು ಗುಟುಕು ಗಾಳಿ ಬೇಡುತ್ತಿವೆ.
ಹನ್ನೊಂದನೆಯದು ಆಗಲೇ ಮಗ್ಗುಲಾಗಿದೆ,
ನೆಲಕ್ಕೆ ಬಿದ್ದ ಸೂಜಿಯ ಹಾಗೆ ಹೊಳೆಯುತ್ತ.

ಹಿಂದೆ ಯಾರೋ ನಿಂತರು. ಇವರೇ. ಕೈಯಲ್ಲಿ
ಕ್ಯಾಂಟೀನಿನ ಎರಡು ಹಿತ್ತಾಳೆ ಮಗ್ಗು.
ಮಾತಿಲ್ಲ. ಮೊಗೆದರು. ತಲೆಗಿಂತ ಮೇಲೆ ಎತ್ತಿ
ಕೆಳಗಿನ ಮಗ್ಗಿಗೆ ಹೊಯ್ದರು.
ಇಪ್ಪತ್ತು ವರ್ಷ ಸಕಲೇಶಪುರದ ಬಸ್ಸಿನವರಿಗೆ
ಕಾಪಿ ಆರಿಸಿಕೊಟ್ಟ ಅದೇ ತೋಳು;
ಗಜದುದ್ದ ನೀರಿನ ದಾರ, ಒಂದು ಹನಿ ಆಚೆ ಹೋಗದು.
ನೊರೆಯೆದ್ದದ್ದನ್ನು ಮೆಲ್ಲಗೆ ಗಾಜಿನೊಳಕ್ಕೆ ಬಿಟ್ಟರು.
ಮತ್ತೆ. ಮತ್ತೆ.
ಸಿಟ್ಟಿಳಿಯಲು ಇಟ್ಟಿದ್ದ ಬಕೆಟ್ಟನ್ನು
ಕಾಲಲ್ಲಿ ಅವರತ್ತ ದೂಡಿದೆ.
ಬೆಳಕು ಹಿಡಿದ ಕೈ ನೋಯತೊಡಗಿತು, ಇಳಿಸಲಿಲ್ಲ.

“ನೀನೂ ಹಾಕ್ತಿದ್ಯಾ?”
“ನೀವೂನಾ?”
ನಗು ಬಂತು. ಬರಬಾರದಿತ್ತು.

ಬೆಳಿಗ್ಗೆ ಎಂಟು ಉಳಿದಿದ್ದವು.
ಮೂರನ್ನು ದಾಸವಾಳದ ಕುಂಡದಲ್ಲಿ ಹೂತೆ.
ಈಗ ಗೋಡೆಯ ಮೇಲೆ ನನ್ನ ಬಟ್ಟೆ ಚಾಕಿನ ಗೀಟು,
ಹಾಕಿದವರು ಎಳೆಯಬೇಕು.
ಅವರದು ಸೊಟ್ಟ, ನನ್ನದು ನೆಟ್ಟಗೆ.
ಎರಡು ದಿನ ಏನೂ ಹಾಕಬೇಡಿ ಅಂದಿದ್ದಾರೆ ಸಾಬರು,
ಹಸಿದಷ್ಟೂ ನೀರು ತಿಳಿಯಾಗುತ್ತದಂತೆ.

ಫ್ರಿಜ್ಜು ಕ್ಯಾಂಟೀನಿನಲ್ಲೇ ಇದೆ.
ಅದರ ಲೆಕ್ಕ ಬೇರೆ, ಅದನ್ನು ಬಾಯಿಬಿಟ್ಟೇ ಕೇಳುತ್ತೇನೆ.
ಸಂಜೆ ಇಬ್ಬರೂ ಪೆಟ್ಟಿಗೆಯ ಮುಂದೆ ಕೂತರೆ
ಎಂಟೂ ಒಟ್ಟಿಗೆ ತಿರುಗಿ, ಯಾರ ಕೈ ಅಂತ ನೋಡದೆ,
ಖಾಲಿ ಬೆರಳ ಕಡೆಗೆ ಈಜಿ ಬರುತ್ತವೆ.