ಪೂರಕ

ಆಗಸ್ಟು ಚಿಪ್ಪಿಯ ಕಾಲವಲ್ಲ.
ಝರಾತಿನ ಕಡಲ ದಂಡೆಯ ಮನೆಗಳಲ್ಲಿ
ಕುಡುಗೋಲುಗಳು ಗೋಡೆಗೆ ನೇತುಬಿದ್ದಿರುತ್ತವೆ
ಬಾಯಿಗೆ ಎಣ್ಣೆ ಸವರಿಸಿಕೊಂಡು.
ಅದಕ್ಕೇ ದಹಬಿಯಾಗೆ ರೇಡಿಯೋ ಕೇಳುವಷ್ಟು ಪುರುಸೊತ್ತು.

ಓಡಿಹೋದವನ ಪಟ ಕಿತ್ತ ಜಾಗದಲ್ಲಿ
ಅಂಚೆ ಕಚೇರಿಯ ಗೋಡೆ ಇನ್ನೂ ಚೌಕವಾಗಿ ಬೆಳ್ಳಗಿದೆ.
ದೂರದ ಟ್ಯೂನಿಸಿನಲ್ಲಿ ಹೊಸ ಸಂವಿಧಾನ ಬರೆಯುತ್ತಿದ್ದಾರಂತೆ,
ಕರಡಿನಲ್ಲೊಂದು ಸಾಲು:
ಹೆಂಗಸು, ಸಂಸಾರದಲ್ಲಿ, ಗಂಡಿಗೆ ಪೂರಕ.

"ಹಾಗಂದರೇನೇ?"
ಮಗಳು ವಿಜ್ದಾನ್ ಮೇಡಂ, ಶಾಲೆಯಲ್ಲಿ ವ್ಯಾಕರಣ ಕಲಿಸುವವಳು,
ಹಲ್ಲಲ್ಲಿ ಪಿನ್ನು ಕಚ್ಚಿಕೊಂಡೇ ಹೇಳಿದಳು:
"ಜೊತೆಗೂಡಿ ತುಂಬುವುದು ಅಂತ.
ಪದ ಚೆನ್ನಾಗಿದೆ ಅಮ್ಮಾ,
ಅದೇ ತೊಂದರೆ."

ಚಿಪ್ಪಿಗೆ ಎರಡು ಹೋಳು.
ಯಾವುದು ಯಾವುದಕ್ಕೆ ಪೂರಕ?
ನಲವತ್ತು ಚಳಿಗಾಲ ಬೆನ್ನು ಬಗ್ಗಿಸಿ ಕೆಸರು ಕೆದಕಿದ್ದೇನೆ,
ಒಂದು ಚಿಪ್ಪಿಯೂ ಬಾಯಿ ಬಿಟ್ಟು ಹೇಳಿಲ್ಲ.

ತುಂಬಿದ್ದೇನೋ ಹೌದು.
ಅವನು ಲಿಬಿಯಾಕ್ಕೆ ಹೋದ, ಬರಲಿಲ್ಲ.
ಹಿಟ್ಟಿನ ಡಬ್ಬ ತುಂಬಿದೆ,
ಫೀಸು, ಸೂರಿನ ತೂತು, ಮೇಕೆಯ ಗುಂಡಿ,
ಪಾಸ್‌ಪೋರ್ಟಿನ ಅರ್ಜಿಯಲ್ಲಿ
ತಂದೆಯ ಸಹಿ ಇರಬೇಕಾದ ಖಾಲಿ ಗೆರೆಯ ಮೇಲೆ
ಹೆಬ್ಬೆಟ್ಟು ಒತ್ತಿದೆ; ವಾಪಸು ಕಳಿಸಿದರು.

ಹದಿಮೂರರ ಬೆಳಗಿಗೆ ಬಾಡಿಗೆ ವ್ಯಾನಿನಲ್ಲಿ
ಎಂಟು ಜನ ಹೆಂಗಸರು, ಒಂದು ಬುಟ್ಟಿ ಖರ್ಜೂರ.
ರಾಜಧಾನಿಯ ಡಾಂಬರು ಅಂಗಾಲು ಸುಟ್ಟಿತು
(ಕೆಸರಿನ ಕಾಲು ಅದು).
ಪಕ್ಕದಲ್ಲಿ ಘೋಷಣೆ ಕೂಗುತ್ತಿದ್ದ ಕರಿ ಕೋಟಿನ ವಕೀಲೆ
ಅವಳ ಕೈ ಹಿಡಿದು, ಗೀರು ಕಂಡು ಬೆಚ್ಚಿ,
"ಯಾರು ಮಾಡಿದ್ದು?" ಅಂದಳು.
"ಕೆಲಸ" ಅಂದಳು ದಹಬಿಯಾ.

ಆಮೇಲೆ ಜಗಳ, ಸಾವು, ಮತ್ತೆ ಜಗಳ.
ಒಂದು ಚಳಿಗಾಲ ಕಳೆದು ಇನ್ನೊಂದು.
ಜನವರಿಯ ಇಳಿತದಲ್ಲಿ
ಮೊಣಕಾಲುದ್ದ ನೀರಲ್ಲಿ ನಿಂತಿದ್ದಾಗ
ಯಾರದೋ ಮೊಬೈಲು ಹೇಳಿತು:
ಆ ಪದ ಇಲ್ಲ. ಸಮಾನ ಅಂತ ಬರೆದಿದ್ದಾರೆ.
ಒಬ್ಬಳು ನಾಲಿಗೆ ಹೊರಳಿಸಿ ಉಲಿದಳು.
ಕೊಕ್ಕರೆಗಳು ಎದ್ದವು, ಕೂತವು.

ದಂಡೆಯಲ್ಲಿ ವ್ಯಾಪಾರಿ ಲಮೀನನ ತಕ್ಕಡಿ.
"ನಾಲ್ಕು ಕಿಲೋ."
"ಐದು. ತಟ್ಟೆಯ ಅಡಿಯಿಂದ ಬೆರಳು ತೆಗೆ."
ಅವನು ನಕ್ಕ:
"ಬೆರಳಲ್ಲ ದೊಡ್ಡಮ್ಮಾ, ಪೂರಕ!"

ಅವಳು ನಗಲಿಲ್ಲ.
ಹಿಂದೆ ಬುಟ್ಟಿ ಹೊತ್ತು ಸಾಲು ನಿಂತವರೂ ನಗಲಿಲ್ಲ.
ಭರತ ಏರತೊಡಗಿತ್ತು,
ಹಿಮ್ಮಡಿ ನೆನೆಯಿತು, ಕಣಕಾಲು ನೆನೆಯಿತು,
ಒಬ್ಬಳೂ ಕದಲಲಿಲ್ಲ.